ಫ್ಯಾನ್ ತಿರುಗಿದರೆ ಪರೀಕ್ಷೆ ಮುಗಿಯಿತೇ? ಹೊಗೆಯ ದಾರಿ ಕಾಯುವವರಿಗೆ ಹನ್ನೆರಡು ಸೂತ್ರಗಳು

ಬೀದರಿನಿಂದ ಮಾಲು ತರಲು ಸಿಕಂದರಾಬಾದಿಗೆ ಹೋಗದ ವ್ಯಾಪಾರಿ ಅಪರೂಪ. ಅಲ್ಲಿನ ಸ್ವಪ್ನಲೋಕ್ ಕಾಂಪ್ಲೆಕ್ಸಿನಲ್ಲಿ 2023ರ ಮಾರ್ಚ್ 16ರ ಸಂಜೆ ಬೆಂಕಿ ಬಿತ್ತು. ಸತ್ತವರು ಆರು ಮಂದಿ, ಎಲ್ಲರೂ ಎಳೆಯ ವಯಸ್ಸಿನ ನೌಕರರು. ಅವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. ಚಿದ್ರಿ, ಭಾಲ್ಕಿ, ಔರಾದಿನಲ್ಲೂ ಈಗ ಕೆಳಗೆ ಸೆಲ್ಲಾರ್, ಅದರ ಮೇಲೆ ಬಟ್ಟೆ ಅಂಗಡಿ, ಇನ್ನೂ ಮೇಲೆ ಕೋಚಿಂಗ್ ಕ್ಲಾಸು ಇರುವ ಕಟ್ಟಡಗಳು ಏಳುತ್ತಿವೆ. ಅಂಥ ಕಟ್ಟಡ ನೋಡಿಕೊಳ್ಳುವವರಿಗೆ ಈ ಮಾತುಗಳು.

1. ಏನಿದೆ ಎಂದು ಮೊದಲು ಪಟ್ಟಿ ಮಾಡಿ. ಮೆಟ್ಟಿಲಿನೊಳಗೆ ಗಾಳಿ ತುಂಬಿ ಹೊಗೆಯನ್ನು ಆಚೆ ತಡೆಯುವ ಬ್ಲೋವರ್ ಒಂದು ಬಗೆ. ಸೆಲ್ಲಾರಿನಿಂದ ಹೊಗೆ ಎಳೆದು ಹೊರಹಾಕುವ ಎಕ್ಸಾಸ್ಟ್ ಇನ್ನೊಂದು ಬಗೆ. ಎರಡರ ಪರೀಕ್ಷೆಯೂ ಬೇರೆ ಬೇರೆ. ಎರಡೂ ಇಲ್ಲದಿದ್ದರೆ ನೇರ ಹತ್ತನೆಯ ಸೂತ್ರಕ್ಕೆ ಹೋಗಿ.

2. ಪ್ಯಾನೆಲಿನ ಹಸಿರು ಗುಂಡಿ ಮುಟ್ಟಬೇಡಿ. ಒಂದು ಕಟ್ಟಡಕ್ಕೆ ನಾನು ಹೋದಾಗ ವಾಚ್‌ಮನ್ ಓಡಿಬಂದು ಗುಂಡಿ ಒತ್ತಿ, "ಚಾಲೂ ಅದ ನೋಡ್ರಿ ಸಾಹೇಬ್ರೆ, ಆವಾಜ್ ಬರ್ಲಿಕತ್ತದ" ಎಂದ. ಆವಾಜೇನೋ ಜೋರಾಗಿಯೇ ಬಂತು. ಆದರೆ ಎರಡನೇ ಮಹಡಿಯ ಸ್ಮೋಕ್ ಡಿಟೆಕ್ಟರಿಗೆ ಪರೀಕ್ಷೆಯ ಸ್ಪ್ರೇ ಹೊಡೆದಾಗ ಅಲಾರಂ ಕೂಗಿತು, ಬ್ಲೋವರ್ ಮಾತ್ರ ಸುಮ್ಮನಿತ್ತು. ಎರಡರ ನಡುವಿನ ತಂತಿಯನ್ನು ಯಾವುದೋ ರಿಪೇರಿಯಲ್ಲಿ ಬಿಚ್ಚಿ, ಮತ್ತೆ ಜೋಡಿಸಿರಲಿಲ್ಲ. ಬೆಂಕಿ ಬಿದ್ದ ರಾತ್ರಿ ಗುಂಡಿ ಒತ್ತಲು ಯಾರೂ ಇರುವುದಿಲ್ಲ. ಹಾಗಾಗಿ ಪರೀಕ್ಷೆ ಡಿಟೆಕ್ಟರಿನಿಂದ ಶುರುವಾಗಿ ಮೆಟ್ಟಿಲ ಬಾಗಿಲಲ್ಲಿ ಮುಗಿಯಬೇಕು. ನಡುವಿನ ಒಂದು ಕೊಂಡಿಯನ್ನೂ ಬಿಡಬಾರದು.

3. ಮೇನ್ ಸ್ವಿಚ್ ಆರಿಸಿ ಮತ್ತೊಮ್ಮೆ ನೋಡಿ. ಬೆಂಕಿ ಬಿದ್ದರೆ ಕರೆಂಟ್ ಹೋಗುತ್ತದೆ, ಇಲ್ಲವೇ ಜೆಸ್ಕಾಂನವರೇ ತೆಗೆಯುತ್ತಾರೆ. ಆಗ ಜನರೇಟರ್ ತಾನಾಗಿ ಶುರುವಾಗಿ ಬ್ಲೋವರಿನ ಭಾರ ಹೊರಬೇಕು. ದೊಡ್ಡ ಮೋಟರ್ ಏಳುವಾಗ ಕರೆಂಟನ್ನು ಬಕಬಕನೆ ಕುಡಿಯುತ್ತದೆ. ಲಿಫ್ಟಿಗೂ ದೀಪಕ್ಕೂ ಸಾಕಾಗುವ ಜನರೇಟರ್ ಇಲ್ಲಿ ಕೆಮ್ಮಿ ನಿಂತುಬಿಡಬಹುದು.

4. ಫ್ಯಾನ್ ಯಾವ ಕಡೆ ತಿರುಗುತ್ತಿದೆ? ಮೋಟರ್ ರಿವೈಂಡಿಂಗ್ ಆದ ಮೇಲೆ ಮೂರು ಫೇಸಿನಲ್ಲಿ ಎರಡು ತಂತಿ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ರೆಕ್ಕೆಯ ಫ್ಯಾನಾದರೆ ಹೊಗೆಯನ್ನು ಹೊರಗೆ ಎಳೆಯುವ ಬದಲು ಒಳಗೆ ನೂಕುತ್ತದೆ, ಗ್ರಿಲ್ಲಿಗೆ ಕರವಸ್ತ್ರ ಹಿಡಿದರೆ ತಕ್ಷಣ ತಿಳಿಯುತ್ತದೆ. ಬಸವನಹುಳುವಿನ ಆಕಾರದ ಬ್ಲೋವರ್ ಮಾತ್ರ ಮೋಸಗಾರ. ಉಲ್ಟಾ ತಿರುಗಿದರೂ ಅದೇ ದಿಕ್ಕಿಗೆ ಗಾಳಿ ಊದುತ್ತದೆ, ಆದರೆ ಕಡಿಮೆ ಊದುತ್ತದೆ. ಅದರ ಮೈಮೇಲಿನ ಬಾಣದ ಗುರುತು ನೋಡದೆ ಕೆಳಗಿಳಿಯಬೇಡಿ.

5. ಬಾಗಿಲೇ ನಿಮ್ಮ ಅಳತೆಗೋಲು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಗಾಳಿ ತುಂಬಿದ ಮೆಟ್ಟಿಲಿನೊಳಗಿನ ಒತ್ತಡ ಹೊರಗಿನದಕ್ಕಿಂತ 50 ಪ್ಯಾಸ್ಕಲ್ ಹೆಚ್ಚಿರಬೇಕು. ಕೊಳವೆಯಲ್ಲಿ ನೀರನ್ನು ಬರೀ ಐದು ಮಿಲಿಮೀಟರ್ ಏರಿಸುವಷ್ಟು ಒತ್ತಡ ಅದು. ಇಷ್ಟೇನಾ ಎನ್ನಬೇಡಿ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಗಿಲಿನ ಮೇಲೆ ಅದೇ ಸುಮಾರು ಹತ್ತು ಕಿಲೋ ಭಾರವಾಗಿ ಕೂರುತ್ತದೆ. ಹಿಡಿಕೆಯ ಹತ್ತಿರ ಅದರ ಅರ್ಧ, ಜೊತೆಗೆ ಡೋರ್ ಕ್ಲೋಸರಿನ ಬಿಗಿ. ಬಾಗಿಲು ತೆರೆಯಲು ಬೇಕಾಗುವ ಬಲ 133 ನ್ಯೂಟನ್, ಅಂದರೆ ಹದಿಮೂರೂವರೆ ಕಿಲೋ ಮೀರಬಾರದು. ಮ್ಯಾನೋಮೀಟರಿನಿಂದ ಒತ್ತಡ ಅಳೆಯಿರಿ, ಹಿಡಿಕೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಬಲ ಅಳೆಯಿರಿ. ಒತ್ತಡ ಕಡಿಮೆಯಾದರೆ ಹೊಗೆ ನುಗ್ಗುತ್ತದೆ. ಅತಿಯಾದರೆ ಕೋಚಿಂಗಿಗೆ ಬಂದ ಹದಿನಾಲ್ಕರ ಹುಡುಗಿಗೆ ಬಾಗಿಲೇ ತೆರೆಯುವುದಿಲ್ಲ. ಈ ಎರಡನೇ ತಪ್ಪನ್ನು ಹುಡುಕುವವರು ಕಡಿಮೆ, ನನಗೆ ಹೆಚ್ಚು ಭಯ ಅದರದೇ. ಎಲ್ಲ ಬಾಗಿಲು ಮುಚ್ಚಿ ಒಮ್ಮೆ ಅಳೆಯಿರಿ, ಒಂದನ್ನು ತೆರೆದಿಟ್ಟು ಮತ್ತೊಮ್ಮೆ ಅಳೆಯಿರಿ. ಬಾಗಿಲಿಗೆ ಇಟ್ಟಿಗೆ ಒಡ್ಡಿದ್ದರೆ ಮೊದಲು ಫೋಟೊ ತೆಗೆದು ವರದಿಗೆ ಹಚ್ಚಿ, ಆಮೇಲೆ ಇಟ್ಟಿಗೆ ತೆಗೆಸಿ.

6. ಜೇಬಿನಲ್ಲಿ ಊದುಬತ್ತಿ ಇರಲಿ. ಬಾಗಿಲ ಸಂದಿಗೆ ಹಿಡಿದರೆ ಗಾಳಿ ಎತ್ತ ಓಡುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಆದರೆ ಅದೇ ಊದುಬತ್ತಿಯನ್ನು ಡಿಟೆಕ್ಟರಿಗೆ ಹಿಡಿಯಬೇಡಿ, ಒಳಗೆ ಜಿಡ್ಡು ಕಟ್ಟುತ್ತದೆ. ಹೊಗೆ ಬಾಂಬ್ ಹಚ್ಚಿ ಮಾಲಕರಿಗೆ ತಮಾಷೆ ತೋರಿಸುವವರನ್ನೂ ನಂಬಬೇಡಿ. ಅದು ತಣ್ಣನೆಯ ಹೊಗೆ. ನಿಜವಾದ ಬೆಂಕಿಯ ಬಿಸಿ ಹೊಗೆ ಚಾವಣಿಗೆ ಚಿಮ್ಮುವ ವೇಗ ಅದಕ್ಕೆ ಎಲ್ಲಿಂದ ಬರಬೇಕು?

7. ಅಲಾರಂ ಕೂಗಿದಾಗ ಎಸಿ ಆರಿತೇ, ಡಕ್ಟಿನೊಳಗೆ ಹೊಗೆ ತಡೆಯುವ ಡ್ಯಾಂಪರ್ ಮುಚ್ಚಿತೇ? 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹುಟ್ಟಿದ ಹೊಗೆ ಎಸಿ ಡಕ್ಟ್ ಹಿಡಿದು ಮೇಲೇರಿತು, 90ಕ್ಕೂ ಹೆಚ್ಚು ಜನ ಸತ್ತರು. ಪ್ಯಾನೆಲಿನಲ್ಲಿ 'ಮುಚ್ಚಿದೆ' ಎಂಬ ದೀಪ ಉರಿದರೆ ಸಾಲದು. ಡಕ್ಟಿನ ಕಿಂಡಿ ತೆರೆದು, ಟಾರ್ಚ್ ಹಾಕಿ, ಅಲಗು ನಿಜವಾಗಿ ಕೂತಿದೆಯೇ ನೋಡಿ. ಬೀದರಿನ ಕೆಂಪು ಧೂಳು ಮೆತ್ತಿ ಅಲಗು ಅರ್ಧಕ್ಕೆ ನಿಂತಿರಬಹುದು.

8. ಬ್ಲೋವರ್ ಗಾಳಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತಿದೆ? ಪಕ್ಕದಲ್ಲೇ ಹೋಟೆಲಿನ ಚಿಮಣಿಯೋ ಜನರೇಟರಿನ ಕೊಳವೆಯೋ ಇದ್ದರೆ ಹೊಗೆಯನ್ನೇ ಮೆಟ್ಟಿಲಿಗೆ ತುಂಬಿದಂತೆ.

9. ಶಾಫ್ಟಿನ ತೂತುಗಳನ್ನು ಎಣಿಸಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಅಲ್ಲಿ ಹೊಗೆ ಹಬ್ಬಿದ್ದು ವಿದ್ಯುತ್ ಕೇಬಲ್ ಸಾಗುವ ಶಾಫ್ಟಿನಿಂದ. ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದರು. ನೊಂದ ಕುಟುಂಬಗಳು, ಬದುಕುಳಿದವರು ಆಮೇಲೆ 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಯ ತಿಳಿವಳಿಕೆ ಹಂಚುತ್ತಿದ್ದಾರೆ. ನಮ್ಮಲ್ಲಿ ಕೇಬಲ್ ಟಿವಿಯವನು, ಇಂಟರ್ನೆಟ್ಟಿನವನು, ಸಿಸಿಟಿವಿಯವನು ಒಬ್ಬೊಬ್ಬರೂ ಒಂದೊಂದು ತೂತು ಕೊರೆದು ಹೋಗುತ್ತಾರೆ, ಮುಚ್ಚುವವನು ಯಾರೂ ಇಲ್ಲ. ಬೆಂಕಿ ತಡೆಯುವ ಸೀಲಂಟಿನಿಂದ ಮುಚ್ಚಿಸಿ. ರದ್ದಿ ಪೇಪರ್ ತುರುಕಿದ್ದು ಕಂಡರೆ ಮೊದಲು ಅದನ್ನು ಕಿತ್ತು ತೆಗೆಸಿ.

10. ಬ್ಲೋವರ್ ಇಲ್ಲದವರು ಮೆಟ್ಟಿಲ ನೆತ್ತಿ ನೋಡಿ. ಮೂರು ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಹೊಗೆಗೆ ಅಲ್ಲಿರುವ ಕಿಟಕಿಯೇ ದಾರಿ. ಮಳೆ ಬರುತ್ತದೆ, ಪಾರಿವಾಳ ಬರುತ್ತದೆ ಎಂದು ಅದಕ್ಕೆ ತಗಡು ಹೊಡೆಸಿರುತ್ತಾರೆ, ಇಲ್ಲವೇ ಜಾಹೀರಾತಿನ ಫ್ಲೆಕ್ಸ್ ಬಿಗಿದಿರುತ್ತಾರೆ. ನೌಬಾದಿನ ಸುರಂಗ ಬಾವಿಗೆ ಒಮ್ಮೆ ಹೋಗಿಬನ್ನಿ. ನೆಲದಡಿ ನೀರು ಹರಿಸಲು ಬಹಮನಿಗಳ ಕಾಲದಲ್ಲಿ ತೋಡಿದ ಆ ಕಾಲುವೆಗೆ ಉದ್ದಕ್ಕೂ ಗಾಳಿಬಾವಿಗಳಿವೆ. ಹೂಳು, ಕಸ ತುಂಬಿ ಅವು ಮುಚ್ಚಿಹೋಗಿ, ಮತ್ತೆ ತೆಗೆಸಬೇಕಾಯಿತು. ನಿಮ್ಮ ಕಟ್ಟಡದ ತಗಡು ಕೀಳಲು ಒಂದು ಏಣಿ, ಅರ್ಧ ದಿನ ಸಾಕು.

11. ದಿನಾ ಓಡದ ಯಂತ್ರವನ್ನೇ ಹೆಚ್ಚು ಸಲ ನೋಡಿ. ಅಮೆರಿಕದ ಎನ್‌ಎಫ್‌ಪಿಎ 92 ಎಂಬ ಮಾನದಂಡ, ಹೊಗೆಗೆಂದೇ ಮೀಸಲಾದ ವ್ಯವಸ್ಥೆಯನ್ನು ಆರು ತಿಂಗಳಿಗೊಮ್ಮೆ, ಎಸಿಯ ಕೆಲಸವನ್ನೂ ಮಾಡುವ ವ್ಯವಸ್ಥೆಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಲು ಹೇಳುತ್ತದೆ. ತಿರುಗುಮುರುಗಾಗಿ ಕಾಣುತ್ತದೆಯೇ? ಎಸಿ ಕೆಟ್ಟರೆ ಮೇ ತಿಂಗಳ ಸೆಕೆಯಲ್ಲಿ ಐದೇ ನಿಮಿಷಕ್ಕೆ ಎಲ್ಲರೂ ಕೂಗಾಡುತ್ತಾರೆ. ಸುಮ್ಮನೆ ಕೂತ ಬ್ಲೋವರಿನ ಬೆಲ್ಟ್ ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ. ರಿಜಿಸ್ಟರಿನಲ್ಲಿ 'ಓಕೆ' ಎಂದು ಬರೆಯುವ ಚಟವನ್ನೂ ಬಿಡಿ. '47 ಪ್ಯಾಸ್ಕಲ್, ಮೂರನೇ ಮಹಡಿ' ಎಂದು ಬರೆದರೆ ಮುಂದಿನ ಸಲ 38 ಬಂದಾಗ ಎಲ್ಲೋ ಸೋರುತ್ತಿದೆ ಎಂದು ತಿಳಿಯುತ್ತದೆ.

12. ಕೀಲಿ ಕೇಳಿ. ಬ್ಲೋವರ್ ಟೆರೇಸಿನಲ್ಲಿ, ಟೆರೇಸಿಗೆ ಬೀಗ. ಎರಡನೇ ಸೂತ್ರದಲ್ಲಿ ಹೇಳಿದ ಅದೇ ಕಟ್ಟಡದಲ್ಲಿ, ಅದೇ ವಾಚ್‌ಮನ್‌ನನ್ನು ಕೀಲಿ ಎಲ್ಲಿ ಎಂದು ಕೇಳಿದೆ. "ಮಾಲಕರ ಹತ್ರ ಅದರಿ," ಎಂದ. "ಮಾಲಕರು ಹೈದರಾಬಾದಿಗೆ ಹೋಗ್ಯಾರ, ಸೋಮವಾರ ಬರ್ತಾರ."