ಎಂಜಿನ್ ಜತೆ ಫ್ಲೈವೀಲೂ ಬರಲಿ

ಬಸವನಗುಡಿ, ಚಾಮರಾಜಪೇಟೆಯ ಹಳೆ ಮನೆಗಳಲ್ಲಿ ಅಂಬಾಸಡರ್ ಉಳಿಸಿಕೊಂಡವರಿಗೆ ಒಂದು ಮಾತು. 1489 ಸಿಸಿ ಎಂಜಿನ್ ಇಳಿಸಿ ಇಸುಜು 1800 ಕೂರಿಸುವುದಾದರೆ, ಜೆ.ಸಿ. ರಸ್ತೆಯಲ್ಲಿ ಅದರದೇ ಗೇರ್‌ಬಾಕ್ಸು, ಫ್ಲೈವೀಲು, ಸ್ಟಾರ್ಟರ್ ಮೋಟಾರನ್ನೂ ಕೇಳಿ ತನ್ನಿ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಗಾಡಿಯದನ್ನು ಸೇರಿಸಬೇಡಿ. ಬೋಲ್ಟು ಕೂತ ಮಾತ್ರಕ್ಕೆ ಸ್ಟಾರ್ಟರ್ ಹೊಂದಿತು ಎಂದಲ್ಲ. ಫ್ಲೈವೀಲಿನ ರಿಂಗ್ ಗೇರಿಗೂ ಪಿನಿಯನ್‌ಗೂ ಹಲ್ಲಿನ ಅಳತೆ ಒಂದೇ ಇರಬೇಕು. ಹಲ್ಲಿನ ತುದಿಯ ಓರೆಯನ್ನೂ ಬೆರಳಿಟ್ಟು ನೋಡಿ: ಪಿನಿಯನ್ ಬಂದು ಕಚ್ಚುವ ಬದಿಗೇ ಅದಿರಬೇಕು. ಹಳೆಯ ಬೆಂಡಿಕ್ಸ್ ಸ್ಟಾರ್ಟರ್ ತೆಗೆದು ಸೊಲೆನಾಯ್ಡ್ ಇರುವುದನ್ನು ಹಾಕುವವರು ಎಡವುವುದೇ ಇಲ್ಲಿ. ಹೊಂದದಿದ್ದರೆ ಕರಕರ ಸದ್ದು, ಆಮೇಲೆ ಸವೆದ ಹಲ್ಲು, ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ. ಆಟೊಮ್ಯಾಟಿಕ್ ಕಾರಿನ ಫ್ಲೆಕ್ಸ್‌ಪ್ಲೇಟಂತೂ ಕ್ಲಚ್ ಗಾಡಿಗೆ ಆಗದು. ಎಂಜಿನ್ ಬದಲಿಗೆ ಆರ್‌ಟಿಒ ಅನುಮತಿ ಪಡೆದು, ಹೊಸ ನಂಬರನ್ನು ಆರ್‌ಸಿಗೆ ಏರಿಸಿಯೇ ರಸ್ತೆಗಿಳಿಸಿ.