ನೀರನ್ನೂ ಬಿಡಬೇಡಿ, ನಡಿಗೆಯನ್ನೂ ಬಿಡಬೇಡಿ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವ ಹೆಂಗಸರು ಕಾಲಿನ ನಿಶ್ಶಕ್ತಿಯನ್ನು ಡಾಕ್ಟರ ಮುಂದೆ ಹೇಳಿಕೊಳ್ಳುತ್ತಾರೆ, ಮೂತ್ರದ ಅವಸರವನ್ನು ಮುಚ್ಚಿಡುತ್ತಾರೆ. ಅದಕ್ಕೆ ತಾವೇ ಎರಡು ಉಪಾಯ ಕಂಡುಕೊಂಡಿರುತ್ತಾರೆ: ನೀರು ಕಡಿಮೆ ಕುಡಿಯುವುದು, ಹೊರಗೆ ಹೋಗದಿರುವುದು. ಕುವೈತ್‌ನ ಸೆಕೆಯಲ್ಲಿ ಎರಡೂ ತಿರುಗುಬಾಣ.

ಈ ಕಾಯಿಲೆಯಲ್ಲಿ ಮಿದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆ ಹಾಳಾಗುತ್ತದೆ. ಹಾಗಾಗಿ ಕೆಲವರಿಗೆ ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ, ಕೆಲವರಿಗೆ ಪೂರ್ತಿ ಖಾಲಿಯಾಗುವುದೇ ಇಲ್ಲ. ಎರಡೂ ಇರುವವರೂ ಉಂಟು.

ಮೊದಲು ಮೂರು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಏನು ಕುಡಿದಿರಿ, ಯಾವಾಗ ಹೋದಿರಿ, ಎಲ್ಲಿ ಸೋರಿತು. ಅದನ್ನು ನಿಮ್ಮ ನರರೋಗ ತಜ್ಞರಿಗೆ ತೋರಿಸಿ. ಮೂತ್ರ ಪರೀಕ್ಷೆಯ ಜೊತೆಗೆ, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ನೋಡುವ ಸ್ಕ್ಯಾನ್ ಬೇಕೆಂದು ನೀವೇ ಕೇಳಿ. ಈ ಹಂತವನ್ನು ಹಾರಿಸಬೇಡಿ. ಖಾಲಿಯಾಗದ ಮೂತ್ರಕೋಶಕ್ಕೆ ಅವಸರ ತಗ್ಗಿಸುವ ಮಾತ್ರೆ ನುಂಗಿದರೆ ತೊಂದರೆ ಹೆಚ್ಚಬಹುದು. ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿಯುವ (ಪೆಲ್ವಿಕ್ ಫ್ಲೋರ್) ವ್ಯಾಯಾಮವೂ ಅಂಥವರಿಗೆ ಎಲ್ಲ ಸಲ ಹೊಂದುವುದಿಲ್ಲ.

ಡಾಕ್ಟರು ಅಡ್ಡಿಯಿಲ್ಲ ಎಂದರೆ ಈ ಪೆಲ್ವಿಕ್ ಫ್ಲೋರ್ ವ್ಯಾಯಾಮ ಶುರುಮಾಡಿ. ಅಂಗಾತ ಮಲಗಿ ಮಂಡಿ ಮಡಚಿ. ಗಾಳಿಯನ್ನೂ ಮೂತ್ರವನ್ನೂ ಒಟ್ಟಿಗೆ ತಡೆಯುವಂತೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆಳೆದು ಮೇಲಕ್ಕೆತ್ತಿ. ತೊಡೆ, ಪೃಷ್ಠ ಸಡಿಲವಾಗಿರಲಿ, ಉಸಿರು ಕಟ್ಟಬೇಡಿ. ಮೂರು ಸೆಕೆಂಡ್ ಆದರೆ ಮೂರೇ ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಹತ್ತು ಸಲದವರೆಗೆ ಮಾಡಿ, ದಿನಕ್ಕೆ ಮೂರು ಬಾರಿ. ಆಯಾಸ ಹೆಚ್ಚುವ ಮೊದಲು, ಬೆಳಗ್ಗೆಯೇ ಒಂದು ಸುತ್ತು ಮುಗಿಸುವುದು ಜಾಣತನ. ಮೂತ್ರ ಮಾಡುತ್ತಿರುವಾಗ ಮಾತ್ರ ಇದನ್ನು ಅಭ್ಯಾಸ ಮಾಡಬಾರದು. ಗುಣ ಕಾಣಲು ಮೂರು ತಿಂಗಳು ಹಿಡಿಯಬಹುದು.

ದಾರಿಯಲ್ಲಿ ತಟ್ಟನೆ ಅವಸರವಾದರೆ ಓಡಬೇಡಿ. ನಿಂತಲ್ಲೇ ನಿಂತು, ಐದಾರು ಸಲ ಬೇಗ ಬೇಗ ಬಿಗಿ ಮಾಡಿ, ಒತ್ತಡ ಇಳಿದ ಮೇಲೆ ನಿಧಾನವಾಗಿ ಹೋಗಿ.

ಇನ್ನು ನಡಿಗೆ. 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಎಂಎಸ್ ಇರುವವರಿಗೆ ಮೈಯ ಬಿಸಿ ಅರ್ಧ ಡಿಗ್ರಿ ಏರಿದರೂ ಕಣ್ಣು ಮಂಜಾಗಿ ಕಾಲು ಭಾರವಾಗಬಹುದು. ಮೈ ದಣಿದಾಗ ಕಣ್ಣು ಹೀಗೆ ಮಂಜಾಗುವುದನ್ನು ಜರ್ಮನಿಯ ವೈದ್ಯ ಊಟ್‌ಹಾಫ್ 1890ರಲ್ಲೇ ಬರೆದಿಟ್ಟಿದ್ದಾರೆ. ಮೈ ತಣಿದರೆ ಈ ತೊಂದರೆಯೂ ಇಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಅವೆನ್ಯೂಸ್‌ನಂಥ ಎಸಿ ಮಾಲ್ ಒಳಗೇ ನಡೆಯಿರಿ. ಶುಕ್ರವಾರದ ನೂಕುನುಗ್ಗಲು ಬೇಡ, ವಾರದ ನಡುವಿನ ಬೆಳಗ್ಗೆ ಒಳ್ಳೆಯದು. ನೆಲ ಸಮತಟ್ಟು, ಕೂರಲು ಬೆಂಚು, ಶೌಚಾಲಯವೂ ಹತ್ತಿರ. ಡಿಸೆಂಬರ್, ಜನವರಿಯಲ್ಲಿ ಗಲ್ಫ್ ರೋಡ್‌ನ ಕಡಲ ದಂಡೆಗೆ ಹೋಗಬಹುದು. ಹೊರಡುವ ಮುನ್ನ ತಣ್ಣೀರು ಕುಡಿಯಿರಿ, ಮೂತ್ರ ಮಾಡಿ. ಹತ್ತು ನಿಮಿಷದಿಂದ ಆರಂಭಿಸಿ. ಸಾಧಾರಣ ತೊಂದರೆ ಇರುವವರಿಗೆ ವಾರಕ್ಕೆ ಎರಡು ಸಲ ಅರ್ಧ ಗಂಟೆ ಚುರುಕು ನಡಿಗೆ, ಎರಡು ಸಲ ಸ್ನಾಯು ಬಲಪಡಿಸುವ ವ್ಯಾಯಾಮ ಎಂಬುದು ತಜ್ಞರ ಸಲಹೆ. ಹೊಸಿಲು ದಾಟಲಾಗದವರಿಗೆ ಕುರ್ಚಿಯಿಂದ ಎದ್ದು ಕೂರುವುದೂ ವ್ಯಾಯಾಮವೇ.

ಕಿಡ್ನಿ, ಹೃದಯದ ತೊಂದರೆಗೆ ಡಾಕ್ಟರು ಮಿತಿ ಹೇಳಿಲ್ಲವಾದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಬೇಕು, ಬೆವರು ಸುರಿದ ದಿನ ಇನ್ನೂ ಹೆಚ್ಚು. ಕಡಿಮೆ ಮಾಡುವುದಿದ್ದರೆ ಕಾಫಿ, ಕಡಕ್ ಚಹಾಗಳನ್ನು ಕಡಿಮೆ ಮಾಡಿ. ರಾತ್ರಿ ಮಲಗುವ ಎರಡು ಗಂಟೆ ಮೊದಲು ಕುಡಿಯುವುದನ್ನು ತಗ್ಗಿಸಿ. ಮಲಬದ್ಧತೆಯನ್ನೂ ಕಡೆಗಣಿಸಬೇಡಿ, ಅದು ಮೂತ್ರಕೋಶವನ್ನು ಒತ್ತುತ್ತದೆ.

ಉರಿಮೂತ್ರ, ಚಳಿಜ್ವರ, ಅದರ ಬೆನ್ನಿಗೇ ಕಾಲು ಸೋತಂತಾದರೆ ಎಂಎಸ್ ಮರುಕಳಿಸಿತೆಂದು ಗಾಬರಿಯಾಗಬೇಡಿ. ಮೂತ್ರದ ಸೋಂಕಿಗೂ ಹೀಗಾಗುತ್ತದೆ. ಮರುಕಳಿಕೆಗೆ ಕೊಡುವ ಸ್ಟೀರಾಯ್ಡ್ ಮಾತು ಎತ್ತುವ ಮೊದಲು ಮೂತ್ರ ಪರೀಕ್ಷೆ ಆಗಲಿ. ಹೊಟ್ಟೆ ಉಬ್ಬಿ ಮೂತ್ರವೇ ಬರದಿದ್ದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ.