ಉತ್ತರ ಬರೆದುಕೊಡಬೇಡಿ, ಪ್ರಶ್ನೆ ಓದಿಸಿ

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಗ್ರಾಮದ ತಾಯಿಗೆ,

ಏಳನೇ ತರಗತಿಗೇ ಶಾಲೆ ಬಿಟ್ಟವಳು, ಮಗನ ಗಣಿತ, ವಿಜ್ಞಾನದ ಹೋಂವರ್ಕಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಮೊಬೈಲಿನಲ್ಲಿ ಸಿಕ್ಕಿದ್ದನ್ನು ನೋಡಿ ಬರೆಸಬೇಡಿ ತಾಯಿ. ಪ್ರಶ್ನೆಯನ್ನು ಎರಡು ಸಲ ಗಟ್ಟಿಯಾಗಿ ಓದಿಸಿ, "ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ?" ಅನ್ನಿ. ಅಷ್ಟಕ್ಕೆ ನಿಮ್ಮ ಓದು ಧಾರಾಳ ಸಾಕು.

ಶೇಕಡಾ ಲೆಕ್ಕ ತಲೆಗೆ ಹತ್ತುತ್ತಿಲ್ಲ ಎಂದಿರಿ. ನಿಮ್ಮ ಕಡೆಯ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ ಎಂದು ಮಾತಾಯಿತಲ್ಲ, ಅದನ್ನೇ ಕೊಡಿ. ನೂರಕ್ಕೆ ಐದಾದರೆ ಸಾವಿರಕ್ಕೆ ಐವತ್ತು, ಇಪ್ಪತ್ತೊಂದು ಸಾವಿರಕ್ಕೆ 1,050. ಮೊದಲ ಏರಿಕೆಗೆ 22,050 ಆಯಿತು. ಮೂರೆಕರೆಗೆ ಎಷ್ಟು ಅಂತ ಅವನೇ ಹೇಳಲಿ.

ವಿಜ್ಞಾನಕ್ಕೂ ಅದೇ ಪಾರ್ಕು: ಫಲಕದಲ್ಲಿ ಹುಟ್ಟುವುದು ನೇರ ವಿದ್ಯುತ್, ಇನ್ವರ್ಟರ್ ಅದನ್ನು ಪರ್ಯಾಯ ವಿದ್ಯುತ್ ಮಾಡುತ್ತದೆ.

ಮನೆಮಾತು ತೆಲುಗು ಎಂಬ ಅಳುಕು ಬಿಡಿ. ತೆಲುಗಿನಲ್ಲೇ ಅರ್ಥವಾಗಲಿ, ಕನ್ನಡದಲ್ಲಿ ಬರೆಯಲಿ. ಬಗೆಹರಿಯದ ಪ್ರಶ್ನೆಯ ಪಕ್ಕ ಗುರುತು ಹಾಕಿಸಿ, ಮರುದಿನ ಮೇಷ್ಟ್ರನ್ನು ಕೇಳಲು ಕಳಿಸಿ. ಖಾಲಿ ಬಿಟ್ಟ ಜಾಗ ನೋಡಿದರೆ ಎಲ್ಲಿ ಹೇಳಿಕೊಡಬೇಕೆಂಬುದು ಅವರಿಗೂ ತಿಳಿಯುತ್ತದೆ.